ಅನೋವಾ ಮುಗಿಯಿತು, ಯಾವ ತಳಿ ಯಾವುದಕ್ಕಿಂತ ಬೇರೆ?

ಹಲವು ಗುಂಪುಗಳ ಸರಾಸರಿಗಳು ಒಂದೇನಾ ಎಂದು ಒಟ್ಟಿಗೆ ನೋಡುವ ಪರೀಕ್ಷೆಯೇ ಅನೋವಾ. ಮಂಡ್ಯದವರಿಗೆ ಭತ್ತದ ಲೆಕ್ಕವೇ ಸಲೀಸು, ಅಲ್ವಾ? ಅದನ್ನೇ ಹಿಡಿಯೋಣ. ಅಂಕಿಗಳು ಅಭ್ಯಾಸಕ್ಕೆಂದು ನಾನೇ ಹಾಕಿಕೊಂಡವು. ನಾಲ್ಕು ತಳಿ, ಒಂದೊಂದಕ್ಕೂ ಐದು ತಾಕು. ಹೆಕ್ಟೇರಿಗೆ ಸರಾಸರಿ ಇಳುವರಿ ಕ್ವಿಂಟಾಲಿನಲ್ಲಿ: ಕ 42, ಖ 44.5, ಗ 49, ಘ 51. ಎರರ್ ಮೀನ್ ಸ್ಕ್ವೇರ್, ಅಂದರೆ ಒಂದೇ ತಳಿಯ ತಾಕುಗಳ ನಡುವಿನ ಏರಿಳಿತದ ಅಳತೆ, 9. ಅದರ ಡಿಗ್ರಿ ಆಫ್ ಫ್ರೀಡಂ (ತಾಕು 20ರಲ್ಲಿ ತಳಿ 4 ಕಳೆದದ್ದು) 16.

ತಳಿಗಳ ನಡುವಿನ ಏರಿಳಿತವನ್ನು ಈ 9ರಿಂದ ಭಾಗಿಸಿದರೆ ಎಫ್ ಬೆಲೆ 9.39 ಬರುತ್ತದೆ. ಶೇ. 5ರ ಮಟ್ಟಕ್ಕೆ ಟೇಬಲ್ಲಿನಲ್ಲಿರುವುದು 3.24. ನಾಲ್ಕೂ ಒಂದೇ ಎನ್ನುವ ಮಾತು ಬಿದ್ದುಹೋಯಿತು. ಆದರೆ ಎಫ್ ಊರಲ್ಲಿ ಜಗಳ ಆಗಿದೆ ಎಂದಷ್ಟೇ ಹೇಳುತ್ತದೆ, ಯಾರ್ಯಾರಿಗೆ ಎಂದು ಹೇಳುವುದಿಲ್ಲ. ಅದಕ್ಕೇ ಅನೋವಾ ಆದ ಮೇಲೆ ಜೋಡಿ ಜೋಡಿಯಾಗಿ ನೋಡುವ ಪೋಸ್ಟ್ ಹಾಕ್ ಹೋಲಿಕೆ.

ಸುಮ್ನೆ ಜೋಡಿ ಜೋಡಿಗೆ, ಎರಡು ಸರಾಸರಿ ಹೋಲಿಸುವ ಟಿ-ಟೆಸ್ಟ್ ಹಾಕಿದರೆ ಆಗಲ್ವಾ? ಇಲ್ಲಿ ಆರು ಜೋಡಿ. ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ ಒಂದೊಂದರಲ್ಲೂ ಶೇ. 5. ಆರೂ ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ, ಒಂದಾದರೂ ಸುಳ್ಳು ಬರುವ ಸಾಧ್ಯತೆ ಶೇ. 26 ದಾಟುತ್ತದೆ. ನಮ್ಮ ಜೋಡಿಗಳಿಗೆ ಸಂಬಂಧ ಇರುವುದರಿಂದ ಸ್ವಲ್ಪ ಕಡಿಮೆ. ಆದರೂ 5 ಅಂತೂ ಅಲ್ಲ.

ಕೃಷಿ ಥೀಸಿಸ್‌ಗಳಲ್ಲಿ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್) ಎಂದು ಬರೆಯುತ್ತೇವಲ್ಲ, ಅದು ಫಿಶರ್ ಅವರ ಎಲ್‌ಎಸ್‌ಡಿ (ಲೀಸ್ಟ್ ಸಿಗ್ನಿಫಿಕಂಟ್ ಡಿಫರೆನ್ಸ್): ಎರಡು ಸರಾಸರಿಗಳ ವ್ಯತ್ಯಾಸ ಇದನ್ನು ದಾಟಿದರೆ ಬೇರೆ ಎನ್ನುವ ಗಡಿ. 2 × 9 ÷ 5ರ ವರ್ಗಮೂಲವನ್ನು ಟಿ ಬೆಲೆ 2.12ರಿಂದ ಗುಣಿಸಿದರೆ 4.02. ಎಲ್ಲ ಜೋಡಿಗಳ ಒಟ್ಟು ಅಪಾಯವನ್ನು ಶೇ. 5ರೊಳಗೆ ಇಡುವ ಟೂಕಿ ವಿಧಾನದಲ್ಲಿ 9 ÷ 5ರ ವರ್ಗಮೂಲವನ್ನು ಕ್ಯೂ ಟೇಬಲ್ಲಿನ 4.05ರಿಂದ ಗುಣಿಸಬೇಕು: 5.43. ಖ ಮತ್ತು ಗ ನಡುವೆ ಇರುವುದು 4.5. ಸಿ.ಡಿ. ಇದನ್ನು ಬೇರೆ ಎನ್ನುತ್ತದೆ, ಟೂಕಿ ಎನ್ನುವುದಿಲ್ಲ. ಎರಡನ್ನೂ ಮಾಡಿ ನೋಡಿ, ಬೇಕಾದದ್ದನ್ನು ಇಟ್ಟುಕೊಳ್ಳುವುದು ಕಳ್ಳಾಟ. ಯಾವ ವಿಧಾನ ಎನ್ನುವುದನ್ನು ನಾಟಿಗೆ ಮೊದಲೇ ಬರೆದಿಡಿ. ಗುಂಪು ಮೂರೇ ಇದ್ದರೆ, ಎಫ್ ಗೆದ್ದ ಮೇಲೆ ಎಲ್‌ಎಸ್‌ಡಿ ಸಾಕು. ನಾಲ್ಕಾದ ಮೇಲೆ ನನ್ನ ಓಟು ಟೂಕಿಗೆ.

ಫಲಿತಾಂಶದ ಟೇಬಲ್ಲಿನಲ್ಲಿ ತಳಿಗಳಿಗೆ ಅಕ್ಷರ ಹಾಕುತ್ತಾರೆ; ಒಂದೂ ಅಕ್ಷರ ಹಂಚಿಕೊಳ್ಳದ ತಳಿಗಳು ಬೇರೆ ಎಂದರ್ಥ. ಟೂಕಿ ಪ್ರಕಾರ ಹಾಕಿದರೆ ಘ-ಗೆ ಎ, ಗ-ಗೆ ಎಬಿ, ಖ-ಗೆ ಬಿಸಿ, ಕ-ಗೆ ಸಿ. ನನ್ನ ವೈವಾದಲ್ಲಿ, ಅಂದರೆ ಥೀಸಿಸ್ಸಿನ ಮೌಖಿಕ ಪರೀಕ್ಷೆಯಲ್ಲಿ, ಇಂಥದ್ದೇ ಟೇಬಲ್ ಇತ್ತು. ಪರೀಕ್ಷಕರು ಕೇಳಿದರು:

"ಘ, ಗ ಎರಡೂ ಒಂದೇನಾ?"

"ಹೌದು ಸಾರ್."

"ಗ, ಖ?"

"ಅವೂ ಒಂದೇ ಸಾರ್."

"ಹಂಗಾದ್ರೆ ಘ, ಖ ಯಾಕಪ್ಪಾ ಬೇರೆ?"

ನನ್ನ ಬಾಯಿ ಕಟ್ಟಿತು. ತಪ್ಪಿದ್ದು ಟೇಬಲ್ಲಿನಲ್ಲಲ್ಲ, 'ಒಂದೇ' ಎನ್ನುವ ನನ್ನ ಮಾತಿನಲ್ಲಿ. ಅಕ್ಷರ ಹಂಚಿಕೊಂಡ ಮಾತ್ರಕ್ಕೆ ತಳಿಗಳು ಸಮವಲ್ಲ. ಬೇರೆ ಎನ್ನುವಷ್ಟು ಪುರಾವೆ ಈ ಐದೈದು ತಾಕುಗಳಲ್ಲಿ ಸಿಗಲಿಲ್ಲ, ಅಷ್ಟೇ. ಗ-ದಿಂದ ಖ ಕಳೆದರೆ 4.5, ಅದಕ್ಕೆ 5.43 ಕೂಡಿಸಿ, ಕಳೆದು ನೋಡಿ. ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ −0.93ರಿಂದ 9.93ರವರೆಗೆ ಹೋಗುತ್ತದೆ. ಹೆಕ್ಟೇರಿಗೆ ಹತ್ತಿರ ಹತ್ತಿರ ಹತ್ತು ಕ್ವಿಂಟಾಲ್ ಜಾಸ್ತಿಯೂ ಇರಬಹುದು! ಇದನ್ನು ಸಮ ಎಂದು ರೈತರ ಮುಂದೆ ಹೇಳಲಾದೀತೇ? ಹಾಗಾಗಿ ಅಕ್ಷರದ ಪಕ್ಕದಲ್ಲಿ ಈ ವ್ಯಾಪ್ತಿಯನ್ನೂ ಕೊಡಿ.

ಈ ಲೆಕ್ಕವನ್ನು ಆರ್ ಎನ್ನುವ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ಮಾಡುವಾಗ ತಳಿಗಳನ್ನು 1, 2, 3, 4 ಎಂದು ತುಂಬಿದ್ದರೆ ಫ್ಯಾಕ್ಟರ್ ಮಾಡುವುದನ್ನು, ಅಂದರೆ ಇವು ಬರೀ ಗುಂಪಿನ ಹೆಸರು ಎಂದು ತಿಳಿಸುವುದನ್ನು, ಮರೆಯಬೇಡಿ. ಮರೆತರೆ ಅದು ತಳಿಯನ್ನು ಅಳತೆ ಎಂದುಕೊಳ್ಳುತ್ತದೆ. ತಳಿಯ ಸಾಲಿನಲ್ಲಿ ಡಿಗ್ರಿ ಆಫ್ ಫ್ರೀಡಂ 3 ಇರಬೇಕಾದ ಕಡೆ 1 ಕಂಡರೆ ಅಲ್ಲೇ ನಿಲ್ಲಿಸಿ.

ಹೋಲಿಕೆಗೆಂದೇ ಇಟ್ಟ ಚೆಕ್ ತಳಿಯೊಂದಿಗೆ ಮಾತ್ರ ಹೋಲಿಕೆ ಬೇಕಿದ್ದರೆ ಡನೆಟ್ ವಿಧಾನ; ಆರರ ಬದಲು ಮೂರೇ ಜೋಡಿ. ಗುಂಪುಗಳ ಏರಿಳಿತ ಒಂದೇ ತೆರನಾಗಿ ಇಲ್ಲದಿದ್ದರೆ ಗೇಮ್ಸ್-ಹೊವೆಲ್ ವಿಧಾನ. ಇನ್ನು ತಳಿಯ ಬದಲು ಸಾರಜನಕದ 0, 50, 100, 150 ಕಿಲೋ ಪ್ರಮಾಣಗಳಿದ್ದರೆ ಇದ್ಯಾವುದೂ ಬೇಡ. ಅಲ್ಲಿ ಕೇಳಬೇಕಾದ್ದು 50 ಮತ್ತು 100 ಬೇರೆಯೇ ಎಂದಲ್ಲ, ಗೊಬ್ಬರ ಹೆಚ್ಚಿದಂತೆ ಇಳುವರಿ ಎಲ್ಲಿಯವರೆಗೆ ಏರುತ್ತದೆ ಎಂದು. ಅದಕ್ಕೆ ಪ್ರಮಾಣಕ್ಕೂ ಇಳುವರಿಗೂ ಇರುವ ಸಂಬಂಧವನ್ನು ರೇಖೆಯಾಗಿ ಕೂರಿಸುವ ರಿಗ್ರೆಷನ್ ಹಾಕಿ.