ಮುಂದಿನ ಸ್ಪ್ರಾಕೆಟ್‌ಗೆ ಎಷ್ಟು ಹಲ್ಲು ಬೇಕು?

ಬೈಕಿನ ಮುಂದಿನ ಸ್ಪ್ರಾಕೆಟ್‌ನಲ್ಲಿ, ಎಂದರೆ ಇಂಜಿನ್ ಬದಿಯಲ್ಲಿ ಚೈನ್ ಎಳೆಯುವ ಹಲ್ಲಿನ ಚಕ್ರದಲ್ಲಿ, ಒಂದು ಹಲ್ಲು ಕಮ್ಮಿ ಮಾಡಿದರೆ ಇಂಜಿನ್‌ಗೆ ಶಕ್ತಿ ಜಾಸ್ತಿಯಾಗುತ್ತದೆ. ಕಾಸರಗೋಡಿನಿಂದ ಪೆರ್ಲದವರೆಗೆ ಯಾವ ವರ್ಕ್‌ಶಾಪಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಶಕ್ತಿ ಜಾಸ್ತಿಯಾಗುವುದಿಲ್ಲ. ಗುಲಗಂಜಿಯಷ್ಟೂ ಆಗುವುದಿಲ್ಲ. ಹಾಗಾದರೆ ಹಲ್ಲು ಕಮ್ಮಿ ಮಾಡಿದ ಬೈಕ್ ಏರು ಸಲೀಸಾಗಿ ಹತ್ತುವುದು ಸುಳ್ಳಾ? ಅದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಹೇಗೆ ನಿಜ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಹುಡುಗರು 13ರ ಬದಲು 12, ಆಮೇಲೆ 11 ಎಂದು ಹಲ್ಲು ಕೀಳಿಸುತ್ತಾ ಹೋಗುತ್ತಾರೆ.

ನಾನು ಹೇಳುತ್ತಿರುವುದು ಟ್ರಯಲ್ಸ್ ಓಡಿಸುವವರ ಬಗ್ಗೆ. ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಬಂಡೆ, ತೋಡು, ಮರದ ಬೇರು, ಕಡಿದಾದ ಏರು ಇರುವ ಒಂದು ತುಂಡು ದಾರಿಯನ್ನು ನೆಲಕ್ಕೆ ಕಾಲೂರದೆ ದಾಟುವುದು. ಒಮ್ಮೆ ಕಾಲಿಟ್ಟರೆ 1 ಪಾಯಿಂಟ್, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲಕ್ಕೆ 3, ಬಿದ್ದರೆ 5. ಕಡಿಮೆ ಪಾಯಿಂಟ್ ಬಂದವರು ಗೆದ್ದಂತೆ. ಸ್ಪೇನಿನ ಟೋನಿ ಬೌ 2007ರಿಂದ 2024ರವರೆಗೆ ಒಂದು ವರ್ಷವೂ ಬಿಡದೆ ಇದರ ವಿಶ್ವ ಚಾಂಪಿಯನ್ ಆಗಿದ್ದಾರೆ. ಅವರ ಬೈಕ್ 70 ಕೆಜಿ ಆಸುಪಾಸಿನದು. ಅದರಲ್ಲಿ ಸೀಟು ಎನ್ನುವ ವಸ್ತುವೇ ಇಲ್ಲ. ಅಂಥದ್ದು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಹಳೆಯ ಇನ್ನೂರು ಸಿಸಿ ಬೈಕಿನ ಮೈಮೇಲಿನ ಪ್ಲಾಸ್ಟಿಕ್ ಎಲ್ಲ ಬಿಚ್ಚಿ, ಮುರಕಲ್ಲಿನ ಪದವಿಗೆ, ಎಂದರೆ ಕೆಂಪು ಕಲ್ಲಿನ ಗುಡ್ಡದ ಮೇಲಿನ ಬಯಲಿಗೆ, ಕೊಂಡೊಯ್ಯುತ್ತಾರೆ. ಬಿಚ್ಚಿದ ಮೇಲೂ ಅದು ಟೋನಿ ಬೌ ಬೈಕಿನ ಎರಡರಷ್ಟು ತೂಗುತ್ತದೆ. ಆದರೂ ಹುಡುಗರು ಹತ್ತಿಸುತ್ತಾರೆ, ಮೆಚ್ಚಲೇಬೇಕು.

ಈಗ ಶಕ್ತಿಯ ವಿಷಯ. ಇಂಜಿನ್ ಕೊಡುವ ಶಕ್ತಿ ಎಂದರೆ ಬಲ ಗುಣಿಸು ವೇಗ. ಚೈನ್ ಮತ್ತು ಸ್ಪ್ರಾಕೆಟ್ ಆ ಗುಣಲಬ್ಧವನ್ನು ಮುಟ್ಟುವುದಿಲ್ಲ. ಅದರೊಳಗಿನ ಎರಡು ಪಾಲನ್ನು ಮಾತ್ರ ಹೆಚ್ಚುಕಮ್ಮಿ ಮಾಡುತ್ತದೆ. ತೋಟದಿಂದ ಗುಡ್ಡೆಯ ಮೇಲಿನ ಅಂಗಳಕ್ಕೆ ಅಡಕೆ ಗೋಣಿ ಹೊರುವವರು ನೆಟ್ಟಗೆ ಹತ್ತುವುದಿಲ್ಲ. ಅಡ್ಡಡ್ಡ ಸುತ್ತಿಕೊಂಡು ಬರುತ್ತಾರೆ. ಹೆಜ್ಜೆ ಜಾಸ್ತಿ, ಪ್ರತಿ ಹೆಜ್ಜೆಯ ಕಷ್ಟ ಕಮ್ಮಿ, ಮೇಲೆ ಬಂದ ಗೋಣಿ ಅದೇ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದಾಗಲೂ ಇಷ್ಟೇ ಆಗುವುದು. ಚಕ್ರ ಒಂದು ಸುತ್ತು ಬರಲು ಇಂಜಿನ್ ಜಾಸ್ತಿ ಸುತ್ತಬೇಕು. ಅದರ ಬದಲಿಗೆ ಚಕ್ರಕ್ಕೆ ಜಾಸ್ತಿ ತಿರುಗುಬಲ ಸಿಗುತ್ತದೆ. ‘ಪುಲ್ಲಿಂಗ್ ಬಂತು’ ಎಂದು ಮೆಕ್ಯಾನಿಕ್ ಹೇಳುವುದು ಈ ಬಲವನ್ನು. ಅವರು ಹೇಳುವುದು ಸರಿಯೇ. ಅದನ್ನು ಶಕ್ತಿ ಎಂದು ಕೇಳಿಸಿಕೊಳ್ಳುವವರದ್ದು ತಪ್ಪು.

ಮುಂದಿನದ್ದನ್ನೇ ಯಾಕೆ ಬದಲಿಸುತ್ತಾರೆ? ಭಾಗಾಕಾರ ಮಾಡಿ ನೋಡಿ. ಮುಂದೆ 13, ಹಿಂದಿನ ಚಕ್ರದ ಸ್ಪ್ರಾಕೆಟ್‌ನಲ್ಲಿ 40 ಹಲ್ಲು ಇದ್ದರೆ ಅನುಪಾತ 3.08. ಮುಂದೆ 12 ಮಾಡಿದರೆ 3.33. ಮುಂದೆ 13 ಇಟ್ಟುಕೊಂಡೇ 3.33 ಬೇಕಾದರೆ ಹಿಂದೆ 43 ಅಥವಾ 44 ಹಲ್ಲು ಬೇಕು. ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕಿಂತ ಜಾಸ್ತಿ ಬೆಲೆಬಾಳುತ್ತದೆ. ಮುಂದಿನದ್ದು ಅಗ್ಗ, ಬಿಚ್ಚುವುದೂ ಸುಲಭ, ಹೆಚ್ಚಾಗಿ ಹಳೆಯ ಚೈನೇ ಸಾಕಾಗುತ್ತದೆ. ಆದರೆ ಮುಂದಿನದ್ದರಲ್ಲಿ ಅರ್ಧ ಹೆಜ್ಜೆ ಇಡಲು ಬರುವುದಿಲ್ಲ. ಸೂಕ್ಷ್ಮವಾಗಿ ಹೊಂದಿಸಬೇಕಾದರೆ ಹಿಂದಿನದ್ದೇ ಗತಿ.

ಹಾಗಾದರೆ ಎಷ್ಟು ಹಲ್ಲು? ನನ್ನ ಉತ್ತರ ಒಂದೇ: ಟಾಪ್ ಸ್ಪೀಡ್ ಕೇಳಬೇಡಿ, ಪುಲ್ಲಿಂಗ್ ಕೇಳಬೇಡಿ, ನಡಿಗೆಯ ವೇಗ ಕೇಳಿ. ಕ್ಲಚ್ ಪೂರ್ತಿ ಬಿಟ್ಟು, ಇಂಜಿನ್ ಎಗರದೆ, ಆಫ್ ಆಗದೆ ನಿಮ್ಮ ಬೈಕ್ ಎಷ್ಟು ನಿಧಾನವಾಗಿ ಹೋಗಬಲ್ಲದು?

ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ಬೈಕ್ ಕಲ್ಪಿಸಿಕೊಳ್ಳೋಣ. ಇಂಜಿನ್‌ನಿಂದ ಫಸ್ಟ್ ಗೇರ್ ದಾಟುವಾಗ ಸುತ್ತು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಹಿಂದಿನ ಟಯರ್ ಒಂದು ಸುತ್ತಿಗೆ 2 ಮೀಟರ್ ಹೋಗುತ್ತದೆ. ಇಂಜಿನ್ ನಿಮಿಷಕ್ಕೆ 1500 ಸುತ್ತು. ಮುಂದೆ 13, ಹಿಂದೆ 40 ಇದ್ದರೆ ವೇಗ ಗಂಟೆಗೆ 5.85 ಕಿಲೋಮೀಟರ್. 12 ಹಲ್ಲಿಗೆ 5.4. 11 ಹಲ್ಲಿಗೆ 4.95. ಮೊದಲನೆಯದು ಬಸ್ಸು ತಪ್ಪೀತು ಎಂದು ಬೀಸುಗಾಲು ಹಾಕುವ ವೇಗ. ಕೊನೆಯದು ಸುಮ್ನೆ ನಡೆಯುವ ವೇಗ. ಎರಡು ಬಂಡೆಗಳ ನಡುವೆ ಹ್ಯಾಂಡಲ್ ತಿರುಗಿಸಿ, ದೇಹದ ಭಾರ ಆಚೆ ಹಾಕಿ, ಮುಂದಿನ ಕಲ್ಲು ನೋಡುವಷ್ಟು ಸಮಯ ಸಿಗಬೇಕಲ್ವಾ? ಆ ಸಮಯ ಸಿಗದವರು ಕ್ಲಚ್ ಅರ್ಧ ಹಿಡಿದೇ ಓಡಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕ್ಲಚ್ ಪ್ಲೇಟ್ ಬಿಸಿಯಾಗುತ್ತದೆ, ಆಮೇಲೆ ಕಾಲು ನೆಲಕ್ಕೆ ಬರುತ್ತದೆ.

ಹಾಗಂತ 11ಕ್ಕೇ ಇಳಿಸಿಬಿಡೋಣ ಎನ್ನುವವರಿಗೆ ಇನ್ನೊಂದು ಲೆಕ್ಕ ಇದೆ. ಬೈಕ್ ಮತ್ತು ಸವಾರ ಸೇರಿ 195 ಕೆಜಿ ಅನ್ನಿ. 30 ಡಿಗ್ರಿ ಏರು ಹತ್ತಲು ಅದರ ಅರ್ಧ ತೂಕದಷ್ಟು, ಎಂದರೆ 97 ಕೆಜಿಯಷ್ಟು ನೂಕು ಬೇಕು. ಇನ್ನೂರು ಸಿಸಿ ಇಂಜಿನ್ ತನ್ನ ಒಳ್ಳೆಯ ಆರ್‌ಪಿಎಮ್‌ನಲ್ಲಿ 17 ನ್ಯೂಟನ್ ಮೀಟರ್ ತಿರುಗುಬಲ ಕೊಟ್ಟರೆ, 13 ಹಲ್ಲಿನಲ್ಲೇ ಫಸ್ಟ್ ಗೇರಿನಲ್ಲಿ ಚಕ್ರಕ್ಕೆ 167 ಕೆಜಿಯಷ್ಟು ನೂಕು ಬರುತ್ತದೆ. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ! ಆದರೆ ಜುಲೈ ತಿಂಗಳಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಘರ್ಷಣೆಯ ಗುಣಾಂಕ 0.4 ಇದೆ ಎಂದಿಟ್ಟುಕೊಳ್ಳಿ. ಇಡೀ ಭಾರ ಹಿಂದಿನ ಚಕ್ರದ ಮೇಲೆ ಹಾಕಿದರೂ ಟಯರ್ ಹಿಡಿಯುವುದು 67 ಕೆಜಿಯಷ್ಟು ಮಾತ್ರ. ಬೇಕಾದದ್ದು 97. ಯಾವ ಸ್ಪ್ರಾಕೆಟ್ ಹಾಕಿದರೂ ನಿಂತಲ್ಲಿಂದ ಆ ಬೈಕ್ ಹತ್ತುವುದಿಲ್ಲ. ಚಿಕ್ಕ ಸ್ಪ್ರಾಕೆಟ್ ಹಾಕಿದರೆ ಇನ್ನೂ ಬೇಗ ಚಕ್ರ ಗಿರಗಿರ ಸುತ್ತುತ್ತದೆ, ಅಷ್ಟೇ. ಕೆಳಗಿನಿಂದಲೇ ವೇಗ ತಂದುಕೊಳ್ಳಬೇಕು. ಇಲ್ಲವೇ ಟಯರಿನ ಗಾಳಿ ಇಳಿಸಬೇಕು. ಟ್ರಯಲ್ಸ್ ಬೈಕಿನ ಹಿಂದಿನ ಟಯರಿಗೆ 4-5 ಪಿಎಸ್‌ಐ ಗಾಳಿ ಸಾಕು, ಆದರೆ ಅದು ಅದಕ್ಕೆಂದೇ ಮಾಡಿದ ಟಯರ್. ನಮ್ಮ ರೋಡ್ ಬೈಕಿನ ಟ್ಯೂಬ್ ಟಯರಿನಲ್ಲಿ ಅಷ್ಟು ಇಳಿಸಿದರೆ ಟ್ಯೂಬಿನ ವಾಲ್ವೇ ಕಿತ್ತು ಬರಬಹುದು. ನುರಿತವರು ಜಾರುವ ಜಾಗದಲ್ಲಿ ಫಸ್ಟ್ ಬಿಟ್ಟು ಸೆಕೆಂಡ್ ಗೇರ್ ಹಾಕುವುದನ್ನು ನೋಡಿದ್ದೀರಾ? ಬಲ ಕಮ್ಮಿ ಮಾಡಿಕೊಳ್ಳಲಿಕ್ಕೇ ಅದು.

ಇಂಜಿನ್ ದೊಡ್ಡದಿದ್ದರೆ ಈ ತಲೆಬಿಸಿ ಇಲ್ಲವಾ? ಒಂದು ಕಾಲದಲ್ಲಿ ಹಾಗೆಯೇ ಅಂದುಕೊಂಡಿದ್ದರು. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ 1909ರಷ್ಟು ಹಳೆಯದು. ಅಲ್ಲಿ ದಶಕಗಳ ಕಾಲ ಬ್ರಿಟನ್ನಿನ ಭಾರದ ಫೋರ್ ಸ್ಟ್ರೋಕ್ ಬೈಕುಗಳದ್ದೇ ದರ್ಬಾರು. ಸ್ಯಾಮಿ ಮಿಲ್ಲರ್ 500 ಸಿಸಿಯ ಏರಿಯಲ್ ಓಡಿಸಿ 1964ರಲ್ಲಿ ಗೆದ್ದರು. ಅದೇ ವರ್ಷ ಅವರು ಸ್ಪೇನಿಗೆ ಹೋಗಿ ಬುಲ್ಟಾಕೊ ಕಂಪನಿಯವರ ಜೊತೆ ಕೂತು 244 ಸಿಸಿಯ ಟೂ ಸ್ಟ್ರೋಕ್ ಬೈಕೊಂದನ್ನು ಹದ ಮಾಡಿದರು. 1965ರಲ್ಲಿ ಅದೇ ಬೈಕಿನಲ್ಲಿ ಗೆದ್ದೂ ಬಿಟ್ಟರು. ಟೂ ಸ್ಟ್ರೋಕ್ ಬೈಕ್ ಅಲ್ಲಿ ಗೆದ್ದದ್ದು ಅದೇ ಮೊದಲು. ಅರ್ಧಕ್ಕರ್ಧ ಚಿಕ್ಕ ಇಂಜಿನ್! ಗೇರಿಂಗ್ ಸರಿಯಿದ್ದು ತೂಕ ಇಳಿದರೆ ಸಿಸಿ ದೊಡ್ಡ ವಿಷಯವಲ್ಲ ಎಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ನಮ್ಮಲ್ಲಿ ಇನ್ನೂ ಪೂರ್ತಿ ಗೊತ್ತಾದಂತಿಲ್ಲ.

ಟ್ರಯಲ್ಸ್ ಬೈಕುಗಳಲ್ಲಿ ಮುಂದೆ 9, 10, 11 ಹಲ್ಲಿನ ಸ್ಪ್ರಾಕೆಟ್ ಸಾಮಾನ್ಯ. ಅದಕ್ಕಿಂತ ಚಿಕ್ಕದು ಯಾಕಿಲ್ಲ? ಇಲ್ಲಿಗೆ ನನಗೆ ಬಹಳ ಇಷ್ಟದ ಜಾಗಕ್ಕೆ ಬಂದೆವು.

ಸ್ಪ್ರಾಕೆಟ್ ನಮಗೆ ದುಂಡಗೆ ಕಾಣುತ್ತದೆ. ಚೈನ್‌ಗೆ ಅದು ದುಂಡಗಿಲ್ಲ. ಚೈನಿನ ಒಂದೊಂದು ಕೊಂಡಿಯೂ ನೇರವಾದ, ಬಾಗದ ಉಕ್ಕಿನ ತುಂಡು. 10 ಹಲ್ಲಿನ ಸ್ಪ್ರಾಕೆಟ್ ಸುತ್ತಿದ ಚೈನ್ ನಿಜಕ್ಕೂ ಹತ್ತು ಮೂಲೆಯ ಆಕೃತಿಯನ್ನು ಸುತ್ತಿರುತ್ತದೆ. ಟ್ರಯಲ್ಸ್ ಬೈಕುಗಳಲ್ಲಿ ಹೆಚ್ಚಾಗಿ ಬರುವ 520 ಚೈನಿನ ಕೊಂಡಿ 15.875 ಮಿಲಿಮೀಟರ್ ಉದ್ದ. ಹಾಗಾಗಿ 10 ಹಲ್ಲಿನ ಸ್ಪ್ರಾಕೆಟ್‌ನಲ್ಲಿ ನಡುವಿನಿಂದ ಮೂಲೆಗೆ 25.7 ಮಿಲಿಮೀಟರ್, ಬದಿಯ ಮಧ್ಯಕ್ಕೆ 24.4. ಮೂಲೆ ಮೇಲೆ ಬಂದಾಗ ಚೈನ್ ಸ್ವಲ್ಪ ಜೋರಾಗಿ ಎಳೆಯಲ್ಪಡುತ್ತದೆ, ಬದಿ ಮೇಲೆ ಬಂದಾಗ ನಿಧಾನವಾಗಿ. ಇಂಜಿನ್ ಒಂದೇ ಹದದಲ್ಲಿ ಸುತ್ತಿದರೂ ಚೈನ್ ಪ್ರತಿ ಹಲ್ಲಿಗೊಮ್ಮೆ ಜಗ್ಗಿ ಜಗ್ಗಿ ಓಡುತ್ತದೆ. ಈ ವ್ಯತ್ಯಾಸ 15 ಹಲ್ಲಿಗೆ ಶೇ. 2.2, 13ಕ್ಕೆ ಶೇ. 2.9, 11ಕ್ಕೆ ಶೇ. 4, 10ಕ್ಕೆ ಶೇ. 4.9, 9ಕ್ಕೆ ಶೇ. 6. ಹಿಂದಿನ 40 ಹಲ್ಲಿನ ಸ್ಪ್ರಾಕೆಟ್‌ನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಕೊಂಡಿ ಬಾಗುವ ಕೋನವೂ ಹಾಗೆಯೇ ಏರುತ್ತದೆ. 13 ಹಲ್ಲಿನಲ್ಲಿ 27.7 ಡಿಗ್ರಿ, 10 ಹಲ್ಲಿನಲ್ಲಿ 36. ಬಾಗಿದಷ್ಟೂ ಪಿನ್ನು ಸವೆಯುತ್ತದೆ.

ಇದರಲ್ಲೊಂದು ಸೊಗಸಾದ ಸಂಗತಿ ಇದೆ. ನಮ್ಮ ಸಣ್ಣ ಬೈಕುಗಳಲ್ಲಿ ಬರುವ 428 ಚೈನಿನ ಕೊಂಡಿ 12.7 ಮಿಲಿಮೀಟರ್ ಮಾತ್ರ. ಅದರ 13 ಹಲ್ಲಿನ ಸ್ಪ್ರಾಕೆಟ್ ಮತ್ತು 520ರ 10 ಹಲ್ಲಿನ ಸ್ಪ್ರಾಕೆಟ್ ಪಕ್ಕಪಕ್ಕ ಇಟ್ಟರೆ ಗಾತ್ರದಲ್ಲಿ ಹೆಚ್ಚುಕಮ್ಮಿ ಒಂದೇ. ಆದರೆ ಚಿಕ್ಕ ಕೊಂಡಿಯ ಚೈನ್ ಅದರ ಮೇಲೆ ಎಷ್ಟೋ ನಯವಾಗಿ ಓಡುತ್ತದೆ. ರೋಲರ್ ಚೈನಿನ ಪೇಟೆಂಟನ್ನು ಹಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ಪಡೆದದ್ದು 1880ರಲ್ಲಿ. ಇಷ್ಟು ವರ್ಷವಾದರೂ ಈ ಮೂಲೆಗಳ ತೊಂದರೆಗೆ ಯಾರೂ ಪೂರ್ತಿ ಮದ್ದು ಕಂಡುಹಿಡಿದಿಲ್ಲ. ಜಾಸ್ತಿ ಹಲ್ಲು ಹಾಕುವುದೊಂದೇ ದಾರಿ.

ಇನ್ನು ಹದಿಮೂರರ ಕಥೆ. ಬದಿಯಡ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಬ್ಬ ಹುಡುಗ ಕೌಂಟರಿನ ಮೇಲಿದ್ದ 13 ಹಲ್ಲಿನ ಹೊಸ ಸ್ಪ್ರಾಕೆಟನ್ನು ಮುಟ್ಟಲೂ ಇಲ್ಲ. “ಅಣ್ಣ, ಹನ್ನೆರಡೋ ಹದಿನಾಲ್ಕೋ ಕೊಡಿ, ಇದು ಬೇಡ” ಎಂದ. ಯಾಕೆ ಎಂದು ಕೇಳಿದೆ. ಮೊಬೈಲಿನಲ್ಲೇ ಕೂಡಿಸಿ ತೋರಿಸಿದ. ಮುಂದೆ 13, ಹಿಂದೆ 40, ಒಟ್ಟು 53. ಐದಕ್ಕೆ ಮೂರು ಕೂಡಿದರೆ ಎಂಟು. ಎಂಟು ಅಂದರೆ ಶನಿ! ನಂಬರ್ ಪ್ಲೇಟಿಗೆ ಎಂಟು ಬರಬಾರದು ಎಂದು ಆರ್‌ಟಿಓ ಆಫೀಸಿಗೆ ಅಲೆಯುವವರನ್ನು ನೋಡಿದ್ದೆ. ಅದು ಈಗ ಚೈನ್ ಕವರಿನ ಒಳಗೂ ನುಗ್ಗಿದೆ. 13ರ ಭಯವಂತೂ ನಮ್ಮ ರಾಜ್ಯಕ್ಕೆ ಹಳೆಯದು. 2016ರಲ್ಲಿ ಕೇರಳದಲ್ಲಿ ಹೊಸ ಸಚಿವರು ಬಂದಾಗ 13ನೇ ನಂಬರಿನ ಸರ್ಕಾರಿ ಕಾರು ಯಾರಿಗೂ ಬೇಡವಾಗಿತ್ತು. ಸುದ್ದಿಯಾದ ಮೇಲೆ ಹಣಕಾಸು ಸಚಿವ ಥಾಮಸ್ ಐಸಾಕ್ ಅದನ್ನು ತೆಗೆದುಕೊಂಡರು.

ತಮಾಷೆ ಎಂದರೆ ಸ್ಪ್ರಾಕೆಟ್‌ಗೆ 13 ಬಲು ಒಳ್ಳೆಯ ಸಂಖ್ಯೆ. ಚೈನಿನ ಕೊಂಡಿಗಳು ಯಾವಾಗಲೂ ಸಮಸಂಖ್ಯೆಯಲ್ಲಿ ಇರುತ್ತವೆ, ಯಾಕೆಂದರೆ ಒಳಕೊಂಡಿ, ಹೊರಕೊಂಡಿ ಜೋಡಿಯಾಗಿ ಬರಬೇಕು. 112 ಕೊಂಡಿಯ ಚೈನನ್ನು ತೆಗೆದುಕೊಳ್ಳಿ. ಮುಂದೆ 14 ಹಲ್ಲಿದ್ದರೆ 112 ಅನ್ನು ಅದು ಸರಿಯಾಗಿ ಭಾಗಿಸುತ್ತದೆ. ಹಾಗಾಗಿ ಒಂದು ಹಲ್ಲು ತನ್ನ ಆಯುಷ್ಯವಿಡೀ ಅವೇ 8 ಕೊಂಡಿಗಳನ್ನು ಮುಟ್ಟುತ್ತದೆ. ಒಂದು ಕೊಂಡಿ ಕೆಟ್ಟದಿದ್ದರೆ ಅದೇ ಹಲ್ಲಿಗೆ ಮತ್ತೆ ಮತ್ತೆ ಪೆಟ್ಟು. 12 ಹಲ್ಲಿದ್ದರೆ 28 ಕೊಂಡಿಗಳು. 13 ಹಲ್ಲಿದ್ದರೆ? ಪ್ರತಿ ಹಲ್ಲೂ 112 ಕೊಂಡಿಗಳನ್ನೂ ಸರದಿಯಂತೆ ಮುಟ್ಟಿ ಬರುತ್ತದೆ. ಸವೆತ ಎಲ್ಲರಿಗೂ ಹಂಚಿಹೋಗುತ್ತದೆ. 11, 15ಕ್ಕೂ ಹೀಗೆಯೇ. ಆದರೆ 13ರಲ್ಲಿ ಮಂತ್ರವೇನೂ ಇಲ್ಲ. 104 ಕೊಂಡಿಯ ಚೈನ್ ಹಾಕಿದರೆ 13ಕ್ಕೂ ಅವೇ 8 ಕೊಂಡಿಗಳ ಗತಿ. ಹಲ್ಲಿನ ಸಂಖ್ಯೆಯನ್ನೂ ಕೊಂಡಿಯ ಸಂಖ್ಯೆಯನ್ನೂ ಒಟ್ಟಿಗೆ ಭಾಗಿಸುವ ಸಂಖ್ಯೆ ಒಂದನ್ನು ಬಿಟ್ಟು ಬೇರೆ ಇರಬಾರದು, ಇಷ್ಟೇ ಶಾಸ್ತ್ರ. ಅದೂ ಚೈನ್ ಶುದ್ಧವಾಗಿಟ್ಟುಕೊಳ್ಳುವವರಿಗೆ. ನಮ್ಮ ಕೆಂಪು ಕೆಸರು ಈ ಲೆಕ್ಕಕ್ಕೆಲ್ಲ ಕಾಯದೆ ಚೈನನ್ನು ತಿಂದುಬಿಡುತ್ತದೆ.

ಬದಲಿಸುವಾಗಿನ ಕೆಲವು ಮಾತು. ಒಂದು ಹಲ್ಲು ಕಮ್ಮಿಯಾದರೆ ಚೈನ್ ಸಡಿಲವಾಗುತ್ತದೆ. 428 ಚೈನ್ ಆದರೆ ಹಿಂದಿನ ಆಕ್ಸಲ್ ಸುಮಾರು 3 ಮಿಲಿಮೀಟರ್, 520 ಆದರೆ 4 ಮಿಲಿಮೀಟರ್ ಹಿಂದೆ ಎಳೆಯಬೇಕು. ಅಷ್ಟು ಜಾಗ ಉಳಿದಿದೆಯಾ ಎಂದು ಮೊದಲೇ ನೋಡಿ. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನ್ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಹತ್ತಿರ ಬರುತ್ತದೆ, ಅಲ್ಲಿನ ರಬ್ಬರ್ ಸವೆಯುತ್ತದೆ. ಅದೇ ತಿರುಗುಬಲ ಚಿಕ್ಕ ವೃತ್ತದಲ್ಲಿ ಬರುವುದರಿಂದ ಚೈನಿನ ಮೇಲಿನ ಎಳೆತವೂ ಏರುತ್ತದೆ, 13ರಿಂದ 12ಕ್ಕೆ ಶೇ. 8ರಷ್ಟು. ಹಲ್ಲು ಕೊಕ್ಕೆಯಂತೆ ಬಾಗಿದ ಹಳೆಯ ಹಿಂದಿನ ಸ್ಪ್ರಾಕೆಟ್ ಜೊತೆ ಹೊಸ ಮುಂದಿನದ್ದನ್ನು ಹಾಕಿದರೆ ಹೊಸದೂ ಬೇಗ ಹಾಳು. ಇಳಿಜಾರಿನಲ್ಲಿ ಇಂಜಿನ್ ಹಿಡಿತ ಜಾಸ್ತಿಯಾಗುತ್ತದೆ, ಟ್ರಯಲ್ಸ್‌ನಲ್ಲಿ ಅದು ಲಾಭವೇ. ಆದರೆ ಅದೇ ಬೈಕಿನಲ್ಲಿ ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ಹೈವೇಯಲ್ಲಿ ಇಂಜಿನ್ ಅರಚುವುದನ್ನು ಕೇಳಬೇಕಾಗುತ್ತದೆ. ಅಂಥವರು 12ಕ್ಕಿಂತ ಕೆಳಗೆ ಇಳಿಯಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಕೆಲವು ಬೈಕುಗಳಲ್ಲಿ ಸ್ಪೀಡೋಮೀಟರಿನ ಸೆನ್ಸರ್ ಗೇರ್‌ಬಾಕ್ಸಿನಲ್ಲಿ ಇರುತ್ತದೆ, ಚಕ್ರದಲ್ಲಿ ಅಲ್ಲ. ಅಂಥ ಬೈಕಿಗೆ ಮುಂದೆ 12 ಹಾಕಿದರೆ ಮೀಟರ್ ವೇಗವನ್ನೂ ದೂರವನ್ನೂ ಶೇ. 8ರಷ್ಟು ಜಾಸ್ತಿ ತೋರಿಸುತ್ತದೆ. ಹಲ್ಲು ಕಮ್ಮಿ ಮಾಡಿದ ಮೇಲೆ ಮೈಲೇಜ್ ಕೂಡ ಏರಿತು ಎಂದು ಯಾರಾದರೂ ಕೊಚ್ಚಿಕೊಂಡರೆ, ಅವರ ಬೈಕಿನ ಸೆನ್ಸರ್ ಎಲ್ಲಿದೆ ಎಂದು ಕೇಳಿ.