ಟೌನ್ ಏಕರ್: ಊರು ಹುಟ್ಟುವ ಮೊದಲೇ ಬಿಕರಿಯಾದ ನಿವೇಶನ

ಅಡಿಲೇಡ್ ನಗರದ ಹಳೆಯ ಆಸ್ತಿ ದಾಖಲೆ ತೆರೆದರೆ ಪದೇ ಪದೇ ಎದುರಾಗುವುದು 'ಟೌನ್ ಏಕರ್' ಮತ್ತು ಅದರ ನಂಬರು. ದಕ್ಷಿಣ ಆಸ್ಟ್ರೇಲಿಯಾದ ಈ ರಾಜಧಾನಿಯನ್ನು 1837ರಲ್ಲಿ ಅಳತೆ ಮಾಡಿ ಒಂದೊಂದು ಎಕರೆಯ 1042 ನಿವೇಶನಗಳಾಗಿ ವಿಂಗಡಿಸಿದರು. ಒಂದೊಂದೂ ನಮ್ಮ ಲೆಕ್ಕದ 40 ಗುಂಟೆ. ಮನೆ, ಹಿತ್ತಿಲು, ಕುದುರೆ ಲಾಯ ಎಲ್ಲ ಹಿಡಿಸಿ ಇನ್ನೂ ಜಾಗ ಮಿಗುತ್ತಿತ್ತು.

ಊರು ಎಲ್ಲಿ ಏಳುತ್ತದೆಂದು ಯಾರಿಗೂ ಗೊತ್ತಿಲ್ಲದಾಗಲೇ ಇವುಗಳಲ್ಲಿ 437ರ ಹಕ್ಕು ಬ್ರಿಟನ್ನಿನಲ್ಲಿ ಮಾರಾಟವಾಗಿ ಹೋಗಿತ್ತು. 'ಪ್ರೀ-ಲಾಂಚ್ ಬುಕಿಂಗ್' ಕಂಡ ಬೆಂಗಳೂರಿನವರಿಗೆ ಇದು ಅಂಥ ಅಚ್ಚರಿಯೇನಲ್ಲ. 35,000 ಪೌಂಡಿನ ಜಮೀನು ಮಾರದೆ ವಸಾಹತು ಶುರುಮಾಡುವಂತಿಲ್ಲ ಎಂದು 1834ರ ಬ್ರಿಟಿಷ್ ಕಾಯ್ದೆಯೇ ಷರತ್ತು ಹಾಕಿತ್ತು. ಕೊಳ್ಳುವವರು ಮುಂದೆ ಬರಲಿಲ್ಲ. ಎಕರೆಗೆ 20 ಶಿಲಿಂಗ್ (ಒಂದು ಪೌಂಡ್) ಇದ್ದದ್ದನ್ನು 12ಕ್ಕೆ ಇಳಿಸಿ, 81 ಪೌಂಡಿಗೆ ಹೊರವಲಯದಲ್ಲಿ 134 ಎಕರೆ, ಪೇಟೆಯಲ್ಲಿ ಒಂದು ಎಕರೆ ಎಂದು ಕೊಟ್ಟ ಮೇಲೆ ಲೆಕ್ಕ ಕೂಡಿತು.

ಇದರ ಹಿಂದಿನ ತಲೆ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್. ಸಿರಿವಂತರ ಮನೆಯ ಹುಡುಗಿಯನ್ನು ಅಪಹರಿಸಿ ಮದುವೆಯಾದ ತಪ್ಪಿಗೆ ಜೈಲಿನಲ್ಲಿ ಕೂತಿದ್ದಾಗ ಹೊಳೆದ ಯೋಜನೆ ಇದು. ಜಮೀನು ಮಾರಿದ ಹಣದಲ್ಲಿ ಕೂಲಿಕಾರರಿಗೆ ಹಡಗಿನ ಟಿಕೆಟ್ಟು. ಜಮೀನಿಗೆ ಮಾತ್ರ ಆ ಕೂಲಿಕಾರರ ಕೈಗೆ ಬೇಗ ಎಟುಕದಷ್ಟು ಬೆಲೆ. ಅಡಿಲೇಡಿನವರು ತಮ್ಮದು ಬ್ರಿಟನ್ನಿನ ಕೈದಿಗಳನ್ನು ಸಾಗಿಸಿ ಕಟ್ಟಿದ ವಸಾಹತಲ್ಲ ಎಂದು ಹೆಮ್ಮೆಪಡುವುದುಂಟು. ನಿಜ, ಆದರೆ ಯಾರು ಮಾಲೀಕ, ಯಾರು ಆಳು ಎಂಬುದು ಹಡಗು ಹತ್ತುವ ಮೊದಲೇ ತೀರ್ಮಾನವಾಗಿತ್ತು.

1836ರ ಡಿಸೆಂಬರ್ 28ರಂದು ಗವರ್ನರ್ ಹಿಂಡ್‌ಮಾರ್ಷ್ ಬಂದಿಳಿದಾಗ ಸೈಟಿನ ಚೀಟಿ ಹಿಡಿದವರಿಗೆ ತೋರಿಸಲು ಸೈಟೇ ಇರಲಿಲ್ಲ. ಮುದ್ರಣ ಯಂತ್ರವನ್ನೂ ಹೊತ್ತು ತಂದಿದ್ದ ರಾಬರ್ಟ್ ಮತ್ತು ಮೇರಿ ಥಾಮಸ್ ಕುಟುಂಬದಂಥವರು ಹೋಲ್ಡ್‌ಫಾಸ್ಟ್ ಕೊಲ್ಲಿಯ ಮರಳು ದಿಬ್ಬಗಳ ಬಳಿ ಡೇರೆ ಹಾಕಿ ಕಾದರು. ರಾಜಧಾನಿ ಕಡಲಿಗೆ ಇನ್ನೂ ಹತ್ತಿರವಿರಲಿ ಎಂದು ಗವರ್ನರ್ ಹಟ ಹಿಡಿದರು; ಸರ್ವೇಯರ್ ಜನರಲ್ ಕರ್ನಲ್ ವಿಲಿಯಂ ಲೈಟ್ ಜಗ್ಗಲಿಲ್ಲ. ಜನವರಿ 11ರಿಂದ ಮಾರ್ಚ್ 10ರೊಳಗೆ ಟಾರೆನ್ಸ್ ನದಿಯ ಎರಡೂ ದಡ ಅಳೆದು ಮುಗಿಸಿದರು: ದಕ್ಷಿಣಕ್ಕೆ 700 ಎಕರೆ, ಉತ್ತರಕ್ಕೆ 342, ಸುತ್ತ ಉದ್ಯಾನದ ಪಟ್ಟಿ. ಎರಡೇ ವರ್ಷದಲ್ಲಿ ಕ್ಷಯಕ್ಕೆ ತುತ್ತಾದ ಲೈಟ್ ಮಣ್ಣಾದದ್ದೂ ತಾವೇ ಗುರುತಿಸಿದ ಚೌಕದಲ್ಲಿ.

ಚೀಟಿದಾರರು ಆರಿಸಿಕೊಂಡ ಮೇಲೆ ಉಳಿದವು ಹರಾಜಿಗೆ ಬಂದವು. ಕೊಂಡವರು ಎಕರೆಯನ್ನು ತುಂಡು ಮಾಡಿ, ನಡುವೆ ಓಣಿ ಬಿಟ್ಟು ಮಾರತೊಡಗಿದರು. ಲೈಟ್ ಎಳೆದ ಅಗಲ ಬೀದಿಗಳ ಮಧ್ಯೆ ಇವತ್ತು ಸಿಗುವ ಇಕ್ಕಟ್ಟಿನ ಗಲ್ಲಿಗಳಲ್ಲಿ ಎಷ್ಟೋ ಆ ವ್ಯಾಪಾರದ ಗುರುತು.

ಈ ನೆಲ ಮೂಲನಿವಾಸಿ ಕೌರ್ನಾ ಜನರದು. ಜಾಗಕ್ಕೆ ಅವರಿಟ್ಟ ಹೆಸರು ತರ್ನ್‌ದನ್ಯ. ಮೂಲನಿವಾಸಿಗಳು ನೆಲೆಸಿರುವ ನೆಲದ ಹಕ್ಕಿಗೆ ಧಕ್ಕೆ ಬರಬಾರದೆಂದು ವಸಾಹತು ಸ್ಥಾಪನೆಗೆ ಬ್ರಿಟನ್ನಿನ ರಾಜ ಹೊರಡಿಸಿದ 1836ರ ಆಜ್ಞಾಪತ್ರದಲ್ಲೇ ಬರೆದಿತ್ತು. 1042ನ್ನು ಹಂಚುವಾಗ ಆ ಸಾಲನ್ನು ಯಾರೂ ಲೆಕ್ಕಕ್ಕಿಡಲಿಲ್ಲ. 2018ರಲ್ಲಿ ಫೆಡರಲ್ ಕೋರ್ಟ್ ಕೌರ್ನಾ ಜನರ ಹಕ್ಕನ್ನು ಮಾನ್ಯ ಮಾಡಿತು, ಕೆಲವೇ ತುಂಡು ಜಾಗಗಳ ಮೇಲೆ. ಒಮ್ಮೆ ಪೂರ್ಣ ಒಡೆತನಕ್ಕೆ ಮಾರಿದ ಜಮೀನಿಗೆ ಅಲ್ಲಿನ ಕಾನೂನಿನಲ್ಲಿ ಮೂಲನಿವಾಸಿ ಹಕ್ಕು ಅನ್ವಯಿಸುವುದಿಲ್ಲ.