ನ್ಯುಮೊನೆಕ್ಟಮಿ: ಒಂದಿಡೀ ಶ್ವಾಸಕೋಶವನ್ನೇ ತೆಗೆದ ಮೇಲೆ

ಎದೆಯ ಒಂದು ಪಕ್ಕದ ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಗೆ ನ್ಯುಮೊನೆಕ್ಟಮಿ ಎಂದು ಹೆಸರು. ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳಿವೆ, ಅಂದರೆ ಭಾಗಗಳು, ಎಡದಲ್ಲಿ ಎರಡು. ಒಂದು ಹಾಲೆಯನ್ನಷ್ಟೇ ತೆಗೆದರೆ ಅದು ಲೋಬೆಕ್ಟಮಿ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಪೋಪ್ ಫ್ರಾನ್ಸಿಸ್ ಅವರಿಗೆ ಇರುವುದು ಒಂದೇ ಶ್ವಾಸಕೋಶ ಎಂದು ಎಷ್ಟೋ ಕಡೆ ಬರೆದರು. 1957ರಲ್ಲಿ ಅವರಿಗೆ ತೆಗೆದದ್ದು ಬಲ ಶ್ವಾಸಕೋಶದ ಮೇಲಿನ ಹಾಲೆ ಮಾತ್ರ. ಅಪಾಯದ ಲೆಕ್ಕದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಹೆಚ್ಚಾಗಿ ನ್ಯುಮೊನೆಕ್ಟಮಿ ಮಾಡುವುದು ಕ್ಯಾನ್ಸರ್ ಗಡ್ಡೆ ಶ್ವಾಸಕೋಶದ ಬುಡದಲ್ಲಿ, ಮುಖ್ಯ ಶ್ವಾಸನಾಳಕ್ಕೋ ದೊಡ್ಡ ರಕ್ತನಾಳಕ್ಕೋ ಹತ್ತಿಕೊಂಡಿದ್ದಾಗ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಉಂಟು: ಕ್ಷಯ ವಾಸಿಯಾದರೂ ಅದು ತಿಂದುಹಾಕಿದ ಶ್ವಾಸಕೋಶ ಹಾಗೇ ಉಳಿದು, ಪದೇ ಪದೇ ಸೋಂಕು, ಕೆಮ್ಮಿದರೆ ರಕ್ತ. ಅಂಥ ಶ್ವಾಸಕೋಶ ಮೊದಲೇ ಕೆಲಸ ನಿಲ್ಲಿಸಿರುವುದರಿಂದ ತೆಗೆದ ಮೇಲೆ ಉಸಿರಿನ ನಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಎದೆಗೂಡಿನ ಗೋಡೆಗೆ ಅಂಟಿಕೊಂಡದ್ದನ್ನು ಬಿಡಿಸುವಾಗ ರಕ್ತ ಹೋಗುತ್ತದೆ, ಆಮೇಲೆ ಕೀವಾಗುವ ಸಂಭವವೂ ಹೆಚ್ಚು.

ಒಂದೇ ಶ್ವಾಸಕೋಶದಲ್ಲಿ ಬದುಕಲಾದೀತೇ ಎನ್ನುವುದು ಎಲ್ಲರ ಮೊದಲ ಪ್ರಶ್ನೆ. ಬದುಕಬಹುದು, ಉಳಿದದ್ದು ಚೆನ್ನಾಗಿದ್ದರೆ. ಅದನ್ನು ತಿಳಿಯಲೆಂದೇ ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿ, ಯಾವ ಪಕ್ಕಕ್ಕೆ ಎಷ್ಟು ರಕ್ತ ಹರಿಯುತ್ತದೆಂದು ತೋರಿಸುವ ಸ್ಕ್ಯಾನ್, ವ್ಯಾಯಾಮದ ಪರೀಕ್ಷೆ ಎಲ್ಲ ಮಾಡುತ್ತಾರೆ. ಇಷ್ಟೆಲ್ಲ ಯಂತ್ರಗಳ ನಡುವೆ ಮೆಟ್ಟಿಲು ಹತ್ತಿಸಿ ನೋಡುವ ಹಳೆಯ ಪರೀಕ್ಷೆಗೆ ಇನ್ನೂ ಬೆಲೆಯಿದೆ. 22 ಮೀಟರ್ ಎತ್ತರ ಹತ್ತಬಲ್ಲವರಿಗೆ ಅಪಾಯ ಕಡಿಮೆ ಎಂದೇ ಎಣಿಕೆ.

ನನ್ನ ಮಟ್ಟಿಗೆ ನಿಜವಾದ ತೊಡಕು ಉಸಿರಿನದಲ್ಲ. ಖಾಲಿಯಾದ ಜಾಗ, ಕತ್ತರಿಸಿ ಮುಚ್ಚಿದ ಶ್ವಾಸನಾಳದ ತುದಿ, ಹೃದಯ - ಮುಕ್ಕಾಲು ಪಾಲು ತೊಂದರೆ ಈ ಮೂರರ ಸುತ್ತಲೇ. ಶ್ವಾಸಕೋಶದ ಕ್ಯಾನ್ಸರಿಗೆ ಒಂದೇ ಸಲದಲ್ಲಿ ಇಡೀ ಶ್ವಾಸಕೋಶ ತೆಗೆದು ರೋಗಿಯನ್ನು ಉಳಿಸಿದ ಮೊದಲಿಗ ಅಮೆರಿಕದ ಎವರ್ಟ್ಸ್ ಗ್ರಹಾಂ. 1933ರ ಏಪ್ರಿಲ್ 5ರಂದು, ಸೇಂಟ್ ಲೂಯಿಸ್‌ನಲ್ಲಿ. ಆ ಖಾಲಿ ಜಾಗ ಏನಾದೀತೋ ಎಂಬ ಅಂಜಿಕೆಗೆ ಅವರು ರೋಗಿಯ ಪಕ್ಕೆಲುಬುಗಳನ್ನೂ ತೆಗೆದು ಎದೆಯ ಗೋಡೆಯನ್ನೇ ಒಳಕ್ಕೆ ಕುಸಿಯುವಂತೆ ಮಾಡಿದ್ದರು. ರೋಗಿ ಪಿಟ್ಸ್‌ಬರ್ಗಿನ ಹೆರಿಗೆ ವೈದ್ಯ. ಆತ ಮುಂದೆ ಸುಮಾರು ಮೂವತ್ತು ವರ್ಷ ಬದುಕಿದ. ಧೂಮಪಾನಕ್ಕೂ ಈ ಕ್ಯಾನ್ಸರಿಗೂ ನಂಟಿದೆಯೆಂದು 1950ರಲ್ಲಿ ಸಹಲೇಖಕರಾಗಿ ಬರೆದ ಗ್ರಹಾಂ 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು.

ಈಗ ಪಕ್ಕೆಲುಬು ತೆಗೆಯುವುದಿಲ್ಲ. ಆ ಜಾಗದಲ್ಲಿ ಮೊದಲು ಗಾಳಿ ಇರುತ್ತದೆ, ದಿನಗಳೆದಂತೆ ಬಾವಿಯಲ್ಲಿ ನೀರೂರುವ ಹಾಗೆ ದ್ರವ ಏರುತ್ತದೆ. ಜತೆಗೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆ ಮೇಲಕ್ಕೆ ಸರಿಯುತ್ತದೆ, ಹೃದಯ ಆ ಪಕ್ಕಕ್ಕೆ ವಾಲುತ್ತದೆ. ಜಾಗ ಪೂರ್ತಿ ತುಂಬಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಎಕ್ಸ್-ರೇಯಲ್ಲಿ ಒಂದು ಪಕ್ಕ ಪೂರಾ ಬೆಳ್ಳಗೆ ಕಂಡರೆ ಮನೆಯವರು ಗಾಬರಿಯಾಗುತ್ತಾರೆ, ಅದು ಆಗಬೇಕಾದದ್ದೇ. ಗಾಬರಿಯಾಗಬೇಕಾದದ್ದು ಏರಿದ್ದ ದ್ರವದ ಮಟ್ಟ ಇದ್ದಕ್ಕಿದ್ದಂತೆ ಇಳಿದಾಗ.

ಹಾಗೆ ಇಳಿದರೆ ಶ್ವಾಸನಾಳದ ತುದಿ ಬಿಟ್ಟುಕೊಂಡಿರುವ ಶಂಕೆ. ಇದನ್ನು ಬ್ರಾಂಕೊಪ್ಲೂರಲ್ ಫಿಸ್ಟುಲಾ ಎನ್ನುತ್ತಾರೆ. ಹಠಾತ್ತನೆ ನೀರಿನಂಥ ಕಫ ಬಾಯಿಗೆ ಬರುತ್ತದೆ, ಜ್ವರ ಬರಬಹುದು, ಎದೆಯೊಳಗೆ ಕೀವು ತುಂಬಬಹುದು. ಆ ದ್ರವ ಉಳಿದಿರುವ ಒಂದೇ ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಇಂಥ ಶಂಕೆ ಬಂದೊಡನೆ ಆಪರೇಷನ್ ಆದ ಪಕ್ಕ ಕೆಳಗೆ ಬರುವಂತೆ ಮಲಗಿಸುತ್ತಾರೆ. ಬಲಗಡೆ ಈ ತೊಂದರೆ ಹೆಚ್ಚು. ಎಡದ ತುದಿ ಮಹಾಧಮನಿಯ ಕಮಾನಿನ ಕೆಳಗೆ ಸರಿದು ಸುತ್ತಲ ಅಂಗಾಂಶದ ಮರೆಯಲ್ಲಿರುತ್ತದೆ. ಬಲಕ್ಕೆ ಆ ರಕ್ಷಣೆಯಿಲ್ಲ, ರಕ್ತ ಪೂರೈಕೆಯೂ ಕಡಿಮೆ. ಹೊಲಿಗೆಯ ಮೇಲೆ ಸ್ನಾಯುವನ್ನೋ ಕೊಬ್ಬಿನ ಪದರವನ್ನೋ ಹೊದಿಸುವುದು ಅದಕ್ಕಾಗಿ.

ಇನ್ನು ಹೃದಯ. ಎರಡು ಶ್ವಾಸಕೋಶಕ್ಕೆ ಹಂಚಿ ಹೋಗುತ್ತಿದ್ದ ರಕ್ತವೆಲ್ಲ ಈಗ ಒಂದಕ್ಕೇ. ಮೊದಲ ಕೆಲವು ದಿನಗಳಲ್ಲಿ ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸಾಮಾನ್ಯ, ಔಷಧಕ್ಕೆ ಬಹುತೇಕ ಬಗ್ಗುತ್ತದೆ. ಉಳಿದ ಶ್ವಾಸಕೋಶದಲ್ಲಿ ನೀರು ತುಂಬುವುದು ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ರೋಗಿ ಬಾಯಾರಿಕೆ ಎಂದರೂ ನೀರು, ಡ್ರಿಪ್ ಎರಡನ್ನೂ ಅಳೆದು ಕೊಡುವುದು ಈ ಭಯಕ್ಕೆ.

ಮೊದಲ 30 ದಿನಗಳಲ್ಲಿ ತೀರಿಕೊಳ್ಳುವವರು ನೂರಕ್ಕೆ ಸುಮಾರು 5ರಿಂದ 10, ಬಲಗಡೆಯದಾದರೆ ಹೆಚ್ಚು. ಲೋಬೆಕ್ಟಮಿಯಲ್ಲಿ ಇದು ನೂರಕ್ಕೆ 1ರಿಂದ 3ರ ಆಸುಪಾಸು. 90 ದಿನಗಳ ಲೆಕ್ಕ ತೆಗೆದರೆ ಸಂಖ್ಯೆ ಇನ್ನೂ ಏರುತ್ತದೆ, ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದರು ಎಂಬಲ್ಲಿಗೆ ಗಂಡಾಂತರ ಕಳೆಯಿತು ಎಂದುಕೊಳ್ಳುವಂತಿಲ್ಲ. ಬ್ರಿಟನ್ನಿನ ದೊರೆ ಆರನೇ ಜಾರ್ಜ್‌ಗೆ 1951ರ ಸೆಪ್ಟೆಂಬರಿನಲ್ಲಿ ಎಡ ಶ್ವಾಸಕೋಶ ತೆಗೆದರು. ಶಸ್ತ್ರಚಿಕಿತ್ಸೆಯನ್ನೇನೋ ಅವರು ದಾಟಿದರು, ಆದರೆ ಆ ವರ್ಷದ ಕ್ರಿಸ್‌ಮಸ್ ಭಾಷಣವನ್ನು ಮೊದಲೇ ಧ್ವನಿಮುದ್ರಿಸಿಕೊಳ್ಳಬೇಕಾಯಿತು. 1952ರ ಫೆಬ್ರವರಿ 6ರಂದು ನಿದ್ದೆಯಲ್ಲೇ ತೀರಿಕೊಂಡರು. ಕಾರಣ ಹೃದಯದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು.

ಚೇತರಿಸಿಕೊಂಡವರಿಗೆ ಸಮತಟ್ಟು ನೆಲದಲ್ಲಿ ನಡೆಯುವುದು, ಮನೆಗೆಲಸ, ಕೂತು ಮಾಡುವ ಕೆಲಸ ಸಾಗುತ್ತದೆ. ಏರು ಹತ್ತುವಾಗ, ಭಾರ ಎತ್ತುವಾಗ ದಮ್ಮು ಕಟ್ಟುತ್ತದೆ. ಸ್ಪೈರೊಮೆಟ್ರಿಯ ಅಂಕಿ ಸುಮಾರು ಮೂರನೇ ಒಂದು ಪಾಲು ಇಳಿದರೂ ದುಡಿಯುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅಪರೂಪಕ್ಕೆ ಕೆಲವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಬಲ ಶ್ವಾಸಕೋಶ ಕಳೆದುಕೊಂಡವರಲ್ಲಿ, ಹೃದಯವೂ ಉಳಿದ ಶ್ವಾಸಕೋಶವೂ ವಿಪರೀತ ವಾಲಿ ಶ್ವಾಸನಾಳವೇ ಒತ್ತಿಹೋಗುತ್ತದೆ. ಆಗ ಆ ಜಾಗಕ್ಕೆ ಉಪ್ಪುನೀರು ತುಂಬಿದ ಸಿಲಿಕೋನ್ ಚೀಲ ಇಟ್ಟು ಎಲ್ಲವನ್ನೂ ಸ್ವಸ್ಥಾನಕ್ಕೆ ತರುತ್ತಾರೆ. ಬೀಡಿ, ಸಿಗರೇಟು ಬಿಡಲೇಬೇಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಬೇಕು.

ವೈದ್ಯರು ನ್ಯುಮೊನೆಕ್ಟಮಿ ಎಂದಾಗ ಸ್ಲೀವ್ ಲೋಬೆಕ್ಟಮಿ ಸಾಧ್ಯವೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅದರಲ್ಲಿ ರೋಗ ಹತ್ತಿದ ಹಾಲೆಯ ಜತೆ ಶ್ವಾಸನಾಳದ ಒಂದು ತುಂಡನ್ನಷ್ಟೇ ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ ಹೊಲಿದು ಉಳಿದ ಹಾಲೆಗಳನ್ನು ಉಳಿಸಿಕೊಳ್ಳುತ್ತಾರೆ. ಗಡ್ಡೆ ಇರುವ ಜಾಗ ಅದಕ್ಕೆ ಒಪ್ಪಬೇಕು, ಮಾಡಿ ಕೈ ಪಳಗಿದವರೂ ಬೇಕು.